ಮದ್ದೂರಿನ ತಂಗಿಯ ಸೈನು

ಡೇರಿಯ ಮಾದಯ್ಯ ಹಾಲು ಅಳೆದು ಚೀಟಿ ಕೊಡುತ್ತಾ ಕೇಳಿದ, “ನಾಗವ್ವ, ನಿಮ್ ಮದ್ದೂರು ತಂಗಿ ಸೈನ್ ಆಕುದ್ಲಾ?”

ನನಗೆ ತಂಗಿಯೇ ಇಲ್ಲ. ತವರು ಮದ್ದೂರಿನ ಹತ್ತಿರ, ಅದು ನಿಜ. ಅಲ್ಲಿರುವುದು ಇಬ್ಬರು ಅಣ್ಣಂದಿರು, ಒಂದು ಮುದಿ ನಾಯಿ.

“ಯಾವ ತಂಗಿ?”

“ಗೊತ್ತಿಲ್ದಂಗೆ ಆಡ್ಬ್ಯಾಡ. ಪಾಲು ಬುಟ್ಕೊಡು ಅಂತ ಅಣ್ಣ ಪತ್ರ ಬರ್ಸ್ಕೊಂಡ್ ಕೂತವ್ನಂತಲ್ಲ, ಆ ಎಣ್ಣು.”

ಹಿಂದೆ ಕ್ಯಾನು ಹಿಡಿದು ನಿಂತಿದ್ದ ನಾಲ್ಕು ಹೆಂಗಸರೂ ನನ್ನ ಬಾಯಿ ನೋಡುತ್ತಿದ್ದರು. ದಿನವೂ ಡೇರಿಗೆ ಹಾಲು ಹಾಕುವುದು ನಮ್ಮತ್ತೆ. ಇವತ್ತು ಮಂಡಿ ನೋವು ಅಂತ ಕೂತರು, ನಾನು ಬಂದಿದ್ದೆ. “ಇಲ್ಲದ್ದೆಲ್ಲಾ ಮಾತಾಡ್ಬ್ಯಾಡಿ” ಅಂತ ರೇಗಿ ಬಂದೆ. ರೇಗಿದ್ದೇನೋ ಸರಿ, ಆದರೆ ದಾರಿಯುದ್ದಕ್ಕೂ ತಲೆಯೊಳಗೆ ಅದೇ ಕೊರೆಯುತ್ತಿತ್ತು. ಯಾರಿವಳು ನನ್ನ ತಂಗಿ?

ಮನೆಗೆ ಬಂದ ಮೇಲೆ ಯೋಚಿಸಲು ಪುರಸೊತ್ತಿರಲಿಲ್ಲ. ಗಂಡ ಶಿವರಾಮು ಏಳಕ್ಕೆ ಶಿವನಸಮುದ್ರದ ಬ್ಲಫಿನ ಪವರ್ ಸ್ಟೇಷನ್ನಿಗೆ ಹೊರಡಬೇಕು. ಅವನ ಕ್ಯಾರಿಯರ್ ಕಟ್ಟಿದೆ. ಮಗಳು ಅರ್ಪಿತ ವ್ಯಾನ್ ಬರುವ ಹೊತ್ತಿಗೆ “ಅಮ್ಮಾ, ಚಾರ್ಟ್ ಪೇಪರ್” ಅಂದಳು. ನಿನ್ನೆ ಏನು ಮಾಡ್ತಿದ್ದೆ ಅಂತ ಬೈದು, ಪುಟ್ಟಮಾದಯ್ಯನ ಅಂಗಡಿಗೆ ಓಡಿದೆ. ಅಂಗಡಿಯವನು ಚಾರ್ಟ್ ಪೇಪರನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾ ಮೆಲ್ಲಗೆ ಅಂದ:

“ಸೈನ್ ಆಕ್ಬ್ಯಾಡ ಅಂತ ಯೋಳವ್ವ ಆ ಮಗೀಗೆ. ಅದೆಂಥ ಅಣ್ಣ! ಕಂಚಿನ ತಟ್ಟೆ, ಮ್ಯಾಲೆ ಅಸ್ರು ಸೀರೆ, ಸೀರೆ ಕೆಳಗೆ ಪತ್ರ. ಅಬ್ಬಬ್ಬ!”

ಕಂಚಿನ ತಟ್ಟೆ, ಹಸಿರು ಸೀರೆ. ಅದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಹನ್ನೊಂದನೇ ಅಧ್ಯಾಯ. ನಿನ್ನೆ ಮಧ್ಯಾಹ್ನ ನಾನೇ ಓದಿದ್ದು.

ನಾನು ಮನೆಯಲ್ಲೇ ಕೂತು ಮಾಡುವ ಕೆಲಸ ಅದು. ಬೆಂಗಳೂರಿನ ಒಂದು ಕಂಪನಿ ಪುಸ್ತಕ ಕಳಿಸುತ್ತದೆ, ನಾನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ವಾಪಸ್ ಕಳಿಸುತ್ತೇನೆ. ಮೊಬೈಲಿನಲ್ಲಿ ಜನ ಕೇಳುತ್ತಾರಂತೆ. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಓದಿದವಳು ನಾನು. ಮನೆಯಲ್ಲಿ ಅಳ್ಳಿ, ಆಲು, ಓಗು ಅನ್ನುವವಳು ಮೈಕಿನ ಮುಂದೆ ಎಲ್ಲಾ ಹಕಾರವನ್ನೂ ಹುಡುಕಿ ಹಾಕುತ್ತೇನೆ. ರಾಗಿ ಮೂಟೆ ಇಡುವ ಕೋಣೆಯೇ ನನ್ನ ಸ್ಟುಡಿಯೊ. ಮೂಟೆಗಳಿಗೆ ಸದ್ದು ಹೀರುವ ಗುಣವಿದೆ. ಕಿಟಕಿಗೆ ಎರಡು ಕೌದಿ ಹೊದಿಸಿದ್ದೇನೆ. ಈಗ ಓದುತ್ತಿದ್ದ ಕಾದಂಬರಿಯಲ್ಲಿ ಚಲುವಮ್ಮ ಅಂತ ಒಬ್ಬಳು. ಅಪ್ಪ ಸತ್ತ ಮೇಲೆ ಅಣ್ಣ ಅವಳ ಪಾಲಿನ ಜಮೀನು ಬಿಡಿಸಿಕೊಳ್ಳಲು ನೋಡುತ್ತಾನೆ. ಹನ್ನೆರಡನೇ ಅಧ್ಯಾಯ ಕೊನೆಯದು. ಅದು ಇವತ್ತು ಐದು ಗಂಟೆಯೊಳಗೆ ಹೋಗಬೇಕು. ನಾನು ಮೊದಲೇ ಓದಿಕೊಳ್ಳುವವಳಲ್ಲ. ಮುಂದೇನು ಅಂತ ನನಗೇ ಗೊತ್ತಿಲ್ಲದಿದ್ದರೆ ದನಿಯಲ್ಲಿ ಜೀವ ಇರುತ್ತದೆ.

ವ್ಯಾನ್ ಹತ್ತಿಸಿ ಬಂದವಳೇ ಅತ್ತೆ ಶಿವನಂಜಮ್ಮನವರ ಎದುರು ನಿಂತೆ. ಅವರು ಕೋಣೆಯ ಬಾಗಿಲ ಹೊರಗೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ದಿನವೂ ಅದೇ ಜಾಗ. ಗಾಳಿಗೆ ಅಂದುಕೊಂಡಿದ್ದೆ.

“ಅತ್ತೆ, ಡೇರೀಲಿ ಏನೇಳಿದ್ದೀರಿ?”

“ಏನೇಳ್ಲಿ?”

“ನಂಗೆ ಮದ್ದೂರಲ್ಲಿ ತಂಗಿ ಅವ್ಳಂತೆ!”

ಅವರು ಸಿಪ್ಪೆ ಎಸೆದರು. “ಕತೆ ಅಂದ್ರೆ ಯಾರ್ ಕೇಳ್ತರೆ? ನಂಟ್ರು ಅಂದ್ರೆ ಕಿವಿ ಕೊಡ್ತರೆ.”

“ನನ್ನ ತವರಿನ ಮಾನ ಅರಾಜಿಗೆ ಆಕಿದ್ರಲ್ಲ!”

“ನನ್ನ ತವ್ರು ಅನ್ಬೋದಿತ್ತು. ಅದು ಎಲ್ರಿಗೂ ಗೊತ್ತು, ನಂಬ್ತಿರ್ಲಿಲ್ಲ.” ಆಮೇಲೆ ತಲೆ ಎತ್ತಿ ಕೇಳಿದರು, “ಅದಿರ್ಲಿ, ಇವತ್ತು ಓದ್ತೀಯ ತಾನೆ? ಏನ್ ಮಾಡ್ತಳೆ ಆ ಎಣ್ಣು?”

ಕೋಪ ನೆತ್ತಿಗೇರಿತ್ತು. ಆದರೂ ನಗು ಬಂತು. ನಗು ಕಂಡರೆ ಇನ್ನೂ ಸಲಿಗೆ ತೆಗೆದುಕೊಳ್ಳುತ್ತಾರೆ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ಪುಟ ಓದುವುದರೊಳಗೆ ಶಿವನಸಮುದ್ರಕ್ಕೆ ಹೋಗುವ ಬಸ್ಸೊಂದು ಹಾರನ್ ಹೊಡೆಯಿತು. ಮತ್ತೆ ಮೊದಲಿಂದ. ಕೋಳಿ ಕೂಗಿತು. ಮತ್ತೆ ಮೊದಲಿಂದ. ಕರೆಂಟು ಹೋಯಿತು. ಬಂತು. ಅಷ್ಟರಲ್ಲಿ ಅನ್ನಕ್ಕಿಡುವ ಹೊತ್ತು. ಒಂದು ಗಂಟೆಗೆ ಕುಕ್ಕರ್ ಇಳಿಸಿ, ಇನ್ನು ಯಾರು ಬಂದರೂ ಏಳಬಾರದು ಅಂತ ಕೂತಾಗ ಬಾಗಿಲು ಬಡಿದ ಸದ್ದು.

“ಯಾರದು? ರೆಕಾರ್ಡಿಂಗ್ ನಡೀತಾ ಅದೆ!”

“ನಾನು ಕಣಕ್ಕ, ಅಮೃತ.”

ಅಮೃತ ಹಿಂದಿನ ಬೀದಿಯವಳು. ಊರಿನಲ್ಲೇ ಹುಟ್ಟಿ ಊರಿಗೇ ಕೊಟ್ಟ ಹೆಣ್ಣು. ಮೂವತ್ತು ದಾಟಿಲ್ಲ. ಡೇರಿಗೆ ಹಾಲು ಹಾಕುತ್ತಾಳೆ. ಅವಳಪ್ಪ ಸತ್ತು ವರ್ಷವಾಗಿತ್ತು. ಒಳ್ಳೆಯ ಸೀರೆ ಉಟ್ಟು, ಪರ್ಸು ಹಿಡಿದು, ಎಲ್ಲಿಗೋ ಹೊರಟವಳಂತೆ ಇದ್ದಳು.

“ಅಕ್ಕ, ಎಲ್ಡ್ ಗಂಟೆಗೆ ಅಣ್ಣ ಬತ್ತನೆ. ಮಳವಳ್ಳಿಗೆ ಕರ್ಕೊಂಡ್ ಓಯ್ತನೆ, ರಿಜಿಸ್ಟ್ರ್ ಆಫೀಸ್ಗೆ. ಅದ್ಕೆ ಕೇಳ್ಮ ಅಂತ ಬಂದೆ. ನಿಮ್ ತಂಗಿ ಸೈನ್ ಆಕುದ್ರಾ? ಆಕುದ್‌ಮ್ಯಾಲೆ ಅಣ್ಣ ಎಂಗವ್ನೆ? ಮಾತಾಡುಸ್ತನಾ?”

ಬೆಳಗಿನಿಂದ ಕೊರೆಯುತ್ತಿದ್ದುದು ಒಮ್ಮೆಗೇ ಬೇರೆಯಾಯಿತು. ಅತ್ತೆಯ ಕಡೆ ನೋಡಿದೆ. ಅವರು ಅವರೆಕಾಯಿಯ ಕಡೆ ನೋಡಿದರು.

“ಅಮೃತ, ನಂಗೆ ತಂಗಿ ಇಲ್ಲ. ಅದು ಬುಕ್ಕು. ನಾನ್ ಓದಿದ್ದನ್ನ ಇವ್ರು ಕೇಳುಸ್ಕೊಂಡು ನಂಟಸ್ತನ ಕಟ್ಟವ್ರೆ.”

ಅವಳ ಮುಖ ಕಪ್ಪಿಟ್ಟಿತು. ಪರ್ಸಿನ ಜಿಪ್ ಎಳೆದಳು, ಬಿಟ್ಟಳು. “ಬುಕ್ಕಾ?” ಅಂದಳು. ಆಮೇಲೆ, “ಆಗ್ಲಿ ಬುಡಿ. ಬುಕ್ಕಲ್ಲಾದ್ರೂ ಏನ್ ಮಾಡುದ್ಲು?”

“ಗೊತ್ತಿಲ್ಲ. ಈಗ ಓದ್ಬೇಕು.”

“ಓದಿ ಮತ್ತೆ. ಕೇಳ್ಕೊಂಡೇ ಓಯ್ತೀನಿ.”

“ಬುಕ್ ನೋಡ್ಕೊಂಡು ಆಸ್ತಿ ತೀರ್ಮಾನ ಮಾಡ್ತೀಯೇನೆ ಪೆದ್ದಿ?” ಅಂತ ಗದರಿಸಿದೆ. ಅವಳು ಹಿಂಜರಿಯಲಿಲ್ಲ. “ಇನ್ಯಾರ್ನ ಕೇಳ್ಲಿ? ಗಂಡ ನಿಮ್ಮನೆ ವಿಸ್ಯ ಅಂತನೆ. ಅವ್ವ ಅಣ್ಣನ ಮನೇಲವ್ಳೆ, ಬಾಯಿ ಬುಡಲ್ಲ.”

ಇಬ್ಬರನ್ನೂ ಒಳಗೆ ಕರೆದೆ. ಉಸಿರೂ ಜೋರಾಗಿ ಬಿಡಬಾರದು ಅಂದೆ. ರಾಗಿ ಮೂಟೆಯ ಮೇಲೆ ಕೂತರು. ನಾನು ಮೈಕ್ ಹಾಕಿ ಹನ್ನೆರಡನೇ ಅಧ್ಯಾಯವನ್ನು ಮೊದಲಿಂದ ಹಿಡಿದೆ.

ಚಲುವಮ್ಮ ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುತ್ತಾಳೆ. ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಕೂತು ಅಳುತ್ತಾಳೆ. ಮೂರು ಪುಟ ಅಳುತ್ತಾಳೆ. ಅಮೃತ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊನೆಗೆ ಚಲುವಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಾಳೆ, ಹಸಿರು ಸೀರೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ, ನಗುನಗುತ್ತಾ ಸಹಿ ಹಾಕುತ್ತಾಳೆ. “ಮಣ್ಣು ಅಣ್ಣನಿಗಿರಲಿ, ತವರಿನ ತಂಪು ನನಗಿರಲಿ ಎಂದುಕೊಂಡಳು. ಅವಳ ಮನಸ್ಸು ಹೂವಿನಷ್ಟು ಹಗುರವಾಗಿತ್ತು.”

“ಥೂ!” ಅಂದರು ಅತ್ತೆ.

ಆ ಥೂ ಸ್ಪಷ್ಟವಾಗಿ ರೆಕಾರ್ಡ್ ಆಯಿತು.

ಅಮೃತ ಕೇಳಿದಳು, “ಅಕ್ಕ, ಇದ್ನ ಬರ್ದಿರೋರು ಗಂಡಸಾ?”

“ಹೂಂ.”

“ಅಕ್ಕತಂಗೀರು ಅವ್ರಾ ಅವ್ರಿಗೆ?”

“ನಂಗೇನ್ ಗೊತ್ತು?”

“ಇರ್ಬೇಕು. ಪಾಲೂ ಬರುಸ್ಕೊಂಡಿರ್ಬೇಕು.” ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ ಕೊಡವಿದಳು. “ಊವಿನಷ್ಟು ಅಗುರ ಅಂತೆ! ಅದ್ನೈದ್ ದಿನದಿಂದ ನಿದ್ದೆ ಇಲ್ಲ ನಂಗೆ. ಸೈನ್ ಆಕ್ಬುಟ್ರೆ ಅಗುರಾಗೋದಾಗಿದ್ರೆ ಇಸ್ಟೊತ್ಗೆ ಆಕಿರ್ತಿದ್ದೆ.”

ಅತ್ತೆ ಮೂಟೆಯಿಂದ ಇಳಿದು ಮಂಡಿ ಒತ್ತಿಕೊಂಡರು. “ನಂಗೂ ತವ್ರಲ್ಲಿ ಸೀರೆ ಕೊಟ್ರು. ಎಬ್ಬೆಟ್ಟು ಒತ್ತುಸ್ಕೊಂಡ್ರು. ಎಲ್ಡು ವರ್ಸುಕ್ಕೆ ಅರ್ದೋಯ್ತು ಅದು.”

ಹದಿನೆಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ. ಈ ಮಾತು ಕೇಳಿರಲಿಲ್ಲ. ಏನು, ಯಾವಾಗ, ಎಷ್ಟು ಜಮೀನು ಅಂತ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು.

ಅಮೃತಳ ಅಣ್ಣ ಸಿದ್ದರಾಮು. ಕೆಟ್ಟ ಮನುಷ್ಯನಲ್ಲ, ಹಬ್ಬಕ್ಕೆ ತಂಗಿಯನ್ನು ತಪ್ಪದೆ ಕರೆಯುತ್ತಾನೆ. ಹೆಲ್ಮೆಟ್ ತೆಗೆಯದೆ ಬೈಕಿನ ಮೇಲಿಂದಲೇ ಕೂಗಿದ, “ಲೇ ಅಮ್ಮಿ, ಮನೇಲಿಲ್ಲ ಅಂತ ಬೀದಿಯೆಲ್ಲಾ ಉಡುಕ್ದೆ. ಗಾಡಿ ಅತ್ತು, ಟೋಕನ್ ತಗಂಡಾಗದೆ.”

ಅವಳು ಹೊಸ್ತಿಲವರೆಗೆ ಹೋಗಿ ನಿಂತಳು. ಅಲ್ಲಿಂದ ಮುಂದೆ ಹೋಗಲಿಲ್ಲ.

“ಪತ್ರ ಕೊಡಣ್ಣ. ಓದ್ಬೇಕು.”

“ಓದಕ್ಕೇನದೆ ಅದ್ರಲ್ಲಿ?”

“ಅದ್ನೇ ನೋಡ್ಬೇಕು.”

ಅವನು ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ. ಇಬ್ಬರು ಹೆಂಗಸರ ಎದುರು ಕೊಡುವುದಿಲ್ಲ ಅನ್ನಲು ಆಗಲಿಲ್ಲ. ಬೈಕ್ ಇಳಿದು ಬಂದು ಶರ್ಟಿನೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದು ಕೊಟ್ಟ. ಅಮೃತ ಅದನ್ನು ತಂದು ನನ್ನ ಕೈಗಿಟ್ಟಳು. “ನೀವ್ ಓದಿ ಅಕ್ಕ. ನಂಗ್ ಓದಕ್ ಬತ್ತದೆ, ಆದ್ರೆ ಪತ್ರದ್ ಬಾಸೆ ತಲೆಗೋಗಲ್ಲ.”

ಜಗಲಿಯ ಮೇಲೆ ನಿಂತು ಓದಿದೆ. ಮೈಕಿಗೆ ಓದುವ ಹಾಗೆಯೇ, ಹಕಾರ ಬಿಡದೆ. “ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ...”

“ಯಾರ್ ಸಂತೋಸ?” ಅಂದರು ಅತ್ತೆ.

“ಸುಮ್ಕಿರಿ ಅತ್ತೆ.” ಮುಂದೆ ಓದಿದೆ. ಸ್ವತ್ತುಗಳ ಪಟ್ಟಿ. ಒಂದು, ಬೋರೆಯ ಮೇಲಿನ ಮಳೆಯಾಶ್ರಿತ ಹೊಲ, ಇಪ್ಪತ್ತು ಗುಂಟೆ. ಎರಡು, ನಾಲೆ ಕೆಳಗಿನ ಗದ್ದೆ, ಮೂವತ್ತು ಗುಂಟೆ. ಮೂರು, ಊರೊಳಗಿನ ಮನೆಯ ಪಕ್ಕದ ಖಾಲಿ ನಿವೇಶನ.

ಅಮೃತ ಕೈ ಎತ್ತಿದಳು. “ನಿಲ್ಸಿ. ಎಲ್ಡ್ನೇದು ಏನು?”

“ನಾಲೆ ಕೆಳಗಿನ ಗದ್ದೆ.”

“ಅಣ್ಣ, ಬೋರೆ ಒಲ ಒಂದೇ ಅಂದಿದ್ದೆಯಲ್ಲ?”

ಸಿದ್ದರಾಮು ಹೆಲ್ಮೆಟ್ ತೆಗೆದ. ಬೆವರಿದ್ದ. “ಬರೆಯೋನು ಸೇರ್ಸವ್ನೆ. ಎಲ್ಲಾ ಒಟ್ಗೆ ಆಗ್ಲಿ ಅಂತ...”

“ಯಾರ್ ಆಗ್ಲಿ ಅಂದಿದ್ದು?”

ಅವನು ಬೀದಿಯ ಕಡೆ ನೋಡಿದ. ಎದುರು ಮನೆಯ ಬಾಗಿಲು ತೆರೆದಿತ್ತು, ಅದರ ಪಕ್ಕದ್ದೂ ತೆರೆದಿತ್ತು. “ಮನೇಲ್ ಮಾತಾಡುವ, ಬಾ” ಅಂದ.

“ನೀನು ನಡಿ. ನಾನು ಇವತ್ತು ಬರಲ್ಲ. ನಾಳಿಕ್ಕೂ ಬರಲ್ಲ. ವಕೀಲ್ರನ್ನ ಕೇಳ್ಬುಟ್ಟು ಯೋಳ್ತೀನಿ. ಪತ್ರ ಇಲ್ಲೇ ಇರ್ಲಿ.”

“ಮಾತು ಬುಡ್ತೀಯೇನೆ ನನ್ನತ್ರ?”

“ನಾನು ಬುಡಲ್ಲ. ನೀನು ಬುಟ್ರೆ ಅದು ನಿಂಗೆ ಸೇರಿದ್ದು.”

ಬೈಕು ಒಂದೇ ಕಿಕ್ಕಿಗೆ ಹೊರಡಲಿಲ್ಲ. ಮೂರು ಸಲ ಒದ್ದ. ಯಾರೂ ನಗಲಿಲ್ಲ. ಅವನು ಹೋದ ಮೇಲೆ ಅಮೃತ ಜಗಲಿಯ ಮೇಲೆ ಕುಸಿದು ಕೂತಳು. ಅತ್ತೆ ಚೊಂಬಿನಲ್ಲಿ ನೀರು ಕೊಟ್ಟರು. ಅರ್ಧ ಕುಡಿದಳು, ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡಳು.

ಗಂಟೆ ಮೂರಾಗುತ್ತಾ ಬಂದಿತ್ತು. ಥೂ ಬಿದ್ದ ಅಧ್ಯಾಯವನ್ನು ಐದರೊಳಗೆ ಪೂರ್ತಿ ಮತ್ತೆ ಓದಿ ಕಳಿಸಬೇಕು. ಆ ಹೂವಿನಷ್ಟು ಹಗುರವನ್ನು ಇನ್ನು ಯಾವ ಬಾಯಲ್ಲಿ ಓದಲಿ ಅಂತ ಕೋಪ ಬರುತ್ತಿತ್ತು. ಎದ್ದೆ.

“ಇನ್ನೊಂದ್ ಸಲ ಓದಿ ಅಕ್ಕ” ಅಂದಳು ಅಮೃತ. “ನಿದಾನುಕ್ಕೆ. ಗದ್ದೆಗೆ ನಾಕ್ ದಿಕ್ಕು ಬರ್ದವ್ರಲ್ಲ, ಮೂಡ್ಲಿಗೆ ಯಾರ್ದು, ಪಡುವ್ಲಿಗೆ ಯಾರ್ದು, ಅದ್ನ ಓದಿ. ನಮ್ಮಪ್ಪ ನಂಗೆ ಅದ್ನ ಯಾವತ್ತೂ ಯೋಳಿರ್ಲಿಲ್ಲ.”

ನಾನು ಕೂತೆ. ಪತ್ರದ ಎರಡನೇ ಹಾಳೆ ಬಿಡಿಸಿದೆ.