ಎಡಗಡೆಯ ಭರಣಿ

ಏಟಿಕೊಪ್ಪಾಕದ ಬೊಂಬೆಗಾರ ಪೈಡಯ್ಯನು ಐವತ್ತು ವರ್ಷಗಳಿಂದ ಒಂದು ನಂಬಿಕೆಯನ್ನು ಬಿಡದೆ ಪಾಲಿಸಿಕೊಂಡು ಬಂದಿದ್ದನು: ಆಟಿಕೆಯ ಮುಂದೆ ಮಗು ಎಡವಿದರೆ ತಪ್ಪು ಆಟಿಕೆಯದು. ಆದುದರಿಂದ ಹತ್ತು ತಿಂಗಳ ಮೊಮ್ಮಗಳು ಹಾಸಿನಿ ಅವನ ಹೊಸ ಭರಣಿಗಳ ಮುಂದೆ ತಪ್ಪಿದಾಗ ಅವನು ಮಗುವನ್ನು ನೋಡಲಿಲ್ಲ; ಭರಣಿಗಳನ್ನು ತಿರುಗಿಸಿ ತಿರುಗಿಸಿ ನೋಡಿದನು.

ಆಟ ಸರಳವಾದುದು. ಮುಚ್ಚಳವುಳ್ಳ ಎರಡು ಪುಟ್ಟ ಭರಣಿಗಳು, ಒಂದು ಹಳದಿ ಮಣಿ. ಮಗು ನೋಡುತ್ತಿರುವಂತೆ ಮಣಿಯನ್ನು ಎಡಗಡೆಯ ಭರಣಿಯಲ್ಲಿಟ್ಟರೆ ಅವಳು ಮುಚ್ಚಳ ಕಿತ್ತು ತೆಗೆಯುತ್ತಿದ್ದಳು. ಮೂರು ಬಾರಿ ಹಾಗೆ ಆಡಿಸಿ, ನಾಲ್ಕನೆಯ ಬಾರಿ ಅವಳ ಕಣ್ಣೆದುರಿಗೇ ಬಲಗಡೆಯದರಲ್ಲಿಟ್ಟರೂ ಅವಳು ಎಡಗಡೆಯ ಮುಚ್ಚಳವನ್ನೇ ಕೀಳುವಳು. ಬರಿದಾದ ಭರಣಿಯನ್ನು ಕಂಡು ತುಟಿ ಚಾಚುವಳು.

ಎಡಗಡೆಯದರ ಕೆಂಪು ಮುಚ್ಚಳವು ಮಗುವನ್ನು ಸೆಳೆಯುತ್ತಿರಬಹುದೆಂದು ಪೈಡಯ್ಯನು ಎರಡಕ್ಕೂ ಹಸಿರು ಅರಗು ಹಚ್ಚಿದನು. ಬಲಗಡೆಯದು ಬಿಗಿಯಾಯಿತೇನೋ ಎಂದು ಹೊಸ ಜೋಡಿಯನ್ನು ಕಡೆದನು. ಮೂರನೆಯ ಜೋಡಿಗೆ ಒಂದು ಇಡೀ ಬೆಳಗು ಕೇದಗೆಯ ಗರಿಯಿಂದ ಮೆರುಗು ಕೊಟ್ಟನು. ಹಾಸಿನಿಯ ಕೈ ಎಡಕ್ಕೇ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಲೋವಕುಮಾರಿ ಮೆಲ್ಲನೆ ಹೇಳಿದಳು: "ಅಪ್ಪಾ, ಸೋಮವಾರ ನಮ್ಮತ್ತೆ ಬರ್ತಾರೆ. ಅವರ ಮುಂದೆ ಇದನ್ನ ಆಡಿಸಬೇಡ."

"ಯಾಕಮ್ಮಾ?"

"ತಿಂಗಳು ಮುಂಚೆ ಹುಟ್ಟಿದ ಕೂಸು, ಬುದ್ಧಿ ಸಾಲದೇನೋ ಅಂತ ಅವರಿಗೆ ಮೊದಲೇ ಅನುಮಾನ. ನಮ್ಮ ಭಾವನವರಿಗೆ ಅಂಬೆಗಾಲಿಡೋ ವಯಸ್ಸಲ್ಲೇ ಮೊದ್ದು ಅಂತ ಹೆಸರಿಟ್ಟರಂತೆ. ಈಗ ನಲವತ್ತು ತುಂಬಿದೆ, ಇನ್ನೂ ಮೊದ್ದೇ. ಎಮ್ಮೆ ಮೇಯಿಸೋಕೆ ಬಿಟ್ಟು ಬೇರೆ ಯಾವ ಕೆಲಸಕ್ಕೂ ಕರೆಯಲ್ಲ. ಅವರ ನಿಜವಾದ ಹೆಸರನ್ನ ಆ ಮನೇಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಆ ಮನೇಲಿ ಒಂದು ಸಲ ಅಂಟಿದ್ದು ಹೋಗಲ್ಲಪ್ಪಾ."

ಪೈಡಯ್ಯನು ಬಿಲ್ಲಿನಿಂದ ತಿರುಗಿಸುವ ಮರ ಕಡೆಯುವ ತನ್ನ ಹಳೆಯ ಕಡಸಲಿನ ಮುಂದೆ ಕುಳಿತು, ಅರಗಿನ ಕಡ್ಡಿಗಾಗಿ ಎಡಕ್ಕೆ ಕೈ ಚಾಚಿದನು. ಬೆರಳಿಗೆ ಬರಿಯ ನೆಲ ತಗುಲಿತು.

"ಬಲಗಡೆ," ಎಂದಳು ಲೋವ. "ಕೂಸು ಬಾಯಿಗೆ ಹಾಕ್ಕೊಳ್ಳುತ್ತೆ ಅಂತ ಎತ್ತರದ ಮಣೆ ಮೇಲೆ ಎತ್ತಿಟ್ಟೆ. ಎಂಟು ದಿನದಿಂದ ಹೇಳ್ತಾನೇ ಇದ್ದೀನಿ."

"ನನಗೆ ಗೊತ್ತಮ್ಮಾ. ಈ ಕೈಗೆ ಗೊತ್ತಿಲ್ಲ, ಅಷ್ಟೇ."

ಹಾಗೆಂದವನು ತನ್ನ ಮಾತಿಗೆ ತಾನೇ ಬೆರಗಾಗಿ ಕುಳಿತನು. ಆಮೇಲೆ ಎದ್ದು ಬಂದು ಮತ್ತೊಮ್ಮೆ ಮಣಿಯನ್ನು ಬಲಗಡೆಯ ಭರಣಿಯಲ್ಲಿ ಅಡಗಿಸಿದನು. ಈ ಬಾರಿ ಗಲ್ಲವನ್ನು ನೆಲಕ್ಕೆ ತಾಗಿಸಿ, ಮಗುವಿನ ಕೈಯನ್ನು ಬಿಟ್ಟು ಕಣ್ಣನ್ನು ನೋಡಿದನು. ಹಾಸಿನಿಯ ಕೈ ಎಡಗಡೆಯ ಭರಣಿಯತ್ತ ಹೊರಟಿತ್ತು. ಕಣ್ಣು ಮಾತ್ರ ಬಲಗಡೆಯದನ್ನು ಬಿಟ್ಟು ಕದಲಿರಲಿಲ್ಲ.

ಸೋಮವಾರಕ್ಕೆ ಉಳಿದಿದ್ದ ಎರಡು ದಿನ ಪೈಡಯ್ಯನಿಗೆ ಬೇರೆ ಕೆಲಸವೇ ಬೇಡವಾಯಿತು. ಮಣಿಯಿಟ್ಟೊಡನೆ ಮಗುವನ್ನು ಬಿಟ್ಟರೆ ತಪ್ಪಿಲ್ಲದೆ ತೆಗೆಯುತ್ತಿದ್ದಳು. ಲೋವ ಅವಳನ್ನು ಹಿಡಿದಿರಲು, ಅವನು ಕಡಸಲಿನ ಬಿಲ್ಲನ್ನು ಒಂದೇ ಸಮನೆ ಎಳೆದು, ಎಳೆತಗಳನ್ನು ಎಣಿಸಿ ಹೊತ್ತನ್ನು ಅಳೆದನು. ಮೂರು ಎಳೆತದವರೆಗೆ ಕೈಯು ಕಣ್ಣಿನ ಮಾತು ಕೇಳುತ್ತಿತ್ತು. ನಾಲ್ಕಾದರೆ ಹಳೆಯ ರೂಢಿಯೇ ಗೆಲ್ಲುತ್ತಿತ್ತು. ಮೊದಲೆಲ್ಲ ತಾನು ಮುಚ್ಚಳ ಒತ್ತಿ, ಭರಣಿಗಳನ್ನು ನೇರ್ಪಡಿಸಿ, ಮುಂದೆ ತಳ್ಳುವಷ್ಟರಲ್ಲಿ ಅಷ್ಟು ಹೊತ್ತು ಕಳೆದೇ ಹೋಗುತ್ತಿತ್ತೆಂಬುದು ಅವನಿಗೆ ಆಗ ಹೊಳೆಯಿತು. ಭಾನುವಾರ ಅಕ್ಕಪಕ್ಕದ ಮನೆಗಳ ಕೂಸುಗಳನ್ನೂ ಕರೆಸಿ ಅದೇ ಆಟ ಆಡಿಸಿದನು.

ಸೋಮವಾರ ಲೋವಳ ಅತ್ತೆ ಮಂಗಾಯಮ್ಮ ಅನಕಾಪಲ್ಲಿಯಿಂದ ಬೆಲ್ಲದ ಅಚ್ಚುಗಳನ್ನು ಹೊತ್ತು ಬಂದಳು. ಕಾಲು ತೊಳೆದು ಕುಳಿತವಳ ಕಣ್ಣು ಮೊದಲು ಬಿದ್ದುದೇ ಭರಣಿಗಳ ಮೇಲೆ. ಯಾರೂ ಬೇಡವೆನ್ನುವ ಮುನ್ನ ಅವಳೇ ಮಣಿಯನ್ನು ಮೂರು ಬಾರಿ ಎಡಕ್ಕಿಟ್ಟಳು, ಒಮ್ಮೆ ಬಲಕ್ಕಿಟ್ಟಳು, ಸೆರಗು ಸರಿಮಾಡಿಕೊಂಡು ಮಗುವಿನತ್ತ ತಳ್ಳಿದಳು. ಹಾಸಿನಿ ಎಡಗಡೆಯದನ್ನು ತೆರೆದಳು.

"ಇದೂ ನಮ್ಮ ಮೊದ್ದಿನ ಜಾಡೇ ಹಿಡಿಯೋ ಹಾಗಿದೆ," ಎಂದಳು ಮಂಗಾಯಮ್ಮ. ದನಿಯಲ್ಲಿ ಕೋಪವಿರಲಿಲ್ಲ, ಆಗಲೇ ತೀರ್ಮಾನವಾದಂತಿತ್ತು. ಮಜ್ಜಿಗೆ ತಂದ ಲೋವ ಲೋಟವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ತಂಗ್ಯಮ್ಮ, ಇನ್ನೊಂದು ಸಲ ಇಡು," ಎಂದನು ಪೈಡಯ್ಯ. "ಈ ಸಲ ಕೈ ನೋಡಬೇಡ. ತಲೆ ತಗ್ಗಿಸಿ ಕಣ್ಣು ನೋಡು."

"ಈ ವಯಸ್ಸಲ್ಲಿ ನನ್ನನ್ನ ಅಂಬೆಗಾಲಿಡಿಸ್ತೀರಾ ಅಣ್ಣಯ್ಯ?" ಎಂದು ಗೊಣಗುತ್ತಲೇ ಅವಳು ಬಾಗಿದಳು. ನೋಡಿದಳು. ಮತ್ತೊಮ್ಮೆ ಇಟ್ಟು ನೋಡಿದಳು.

"ಅಲ್ಲೇ ನೋಡ್ತಿದೆ," ಎಂದಳು ನಿಧಾನವಾಗಿ. "ಗೊತ್ತಿದ್ದೂ ಯಾಕೆ ಈ ಕಡೆ ಕೈ ಹಾಕುತ್ತೆ?"

"ರೂಢಿಯಾದ ಕೈಯನ್ನ ತಡೆಯೋ ಬಲ ಇದಕ್ಕೆ ಇನ್ನೂ ಬರ್ತಾ ಇದೆ. ನನಗೆ ಇರೋದು ಹೋಗ್ತಾ ಇದೆ." ಅವನು ಅರಗಿನ ಕಡ್ಡಿಯ ಕಥೆಯನ್ನೂ ಬಿಲ್ಲಿನ ಎಳೆತದಿಂದ ಹೊತ್ತನ್ನು ಅಳೆದುದನ್ನೂ ಹೇಳಿದನು.

"ಹಾಗಾದ್ರೆ ನೀವೂ ಮೊದ್ದೇ ಅನ್ನಿ."

"ಎಪ್ಪತ್ತು ವರ್ಷದ ಮೊದ್ದು. ಆದರೆ ನನ್ನ ಬೊಂಬೆ ಕೊಳ್ಳೋರು ಯಾರೂ ಹಾಗೆ ಹೇಳಿಲ್ಲ."

ಮಂಗಾಯಮ್ಮ ನಗಲಿಲ್ಲ. ಮುಚ್ಚಳವನ್ನು ಬೆರಳುಗಳ ನಡುವೆ ಹೊರಳಿಸುತ್ತ ಕೇಳಿದಳು: "ಎಲ್ಲಾ ಕೂಸುಗಳೂ ಹಿಂಗೇನಾ?"

"ನಾನು ನೋಡಿದ್ದು ಮೂರೇ. ಪಕ್ಕದ ಮನೆಯ ಎಂಟು ತಿಂಗಳಿನದು ಎರಡೆಳೆತಕ್ಕೇ ತಪ್ಪಿತು. ವರ್ಷ ತುಂಬಿದ್ದು ಆರಾದರೂ ತಪ್ಪಲಿಲ್ಲ. ಒಂದೊಂದೇ ಎಳೆತ ಬೆಳೀತಾ ಬರುತ್ತೆ ಅಂತ ಕಾಣುತ್ತೆ."

ಆಮೇಲೆ ಮಂಗಾಯಮ್ಮ, ಯಾರಿಗೂ ಹೇಳದವಳಂತೆ, "ಅಪ್ಪಲರಾಜುನೂ ಕೊಬ್ಬರಿ ಬಟ್ಟಲು ಬೇರೆ ಕಡೆ ಎತ್ತಿಟ್ಟ ಮೇಲೂ ಹಳೇ ಗೂಡಿಗೇ ಕೈ ಹಾಕ್ತಿದ್ದ. ನಾನು ಕೈ ಮಾತ್ರ ನೋಡಿದ್ದೆ," ಎಂದಳು.

ಅಪ್ಪಲರಾಜು ಯಾರೆಂದು ತಿಳಿಯಲು ಲೋವಳಿಗೆ ಒಂದು ಗಳಿಗೆ ಹಿಡಿಯಿತು.

ಮಂಗಾಯಮ್ಮ ಮಣಿಯನ್ನು ಮತ್ತೆ ಬಲಗಡೆಯ ಭರಣಿಯಲ್ಲಿಟ್ಟು, ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡಳು. "ಬಿಲ್ಲು ಎಳೀರಿ ಅಣ್ಣಯ್ಯ. ನಾನು ಎಣಿಸ್ತೀನಿ."

ನಾಲ್ಕೆಂದು ಎಣಿಸಿ ಅವಳು ಕೈ ಸಡಿಲಿಸಿದಳು. ಹಾಸಿನಿಯ ಕೈ ಎಡಕ್ಕೆ ಹೊರಟು, ನಡುದಾರಿಯಲ್ಲಿ ನಿಂತಿತು.