ಪರದೆಯ ಮೇಲಿಟ್ಟ ಕೈ

ನಾನು ಒಂದು ಕಂಪ್ಯೂಟರ್. ಕಾರ್ಖಾನೆಯೊಂದರಲ್ಲಿ ಹುಡುಗಿಯರ ಕೈಗಳು ನನ್ನನ್ನು ಜೋಡಿಸಿದವು. ಪರದೆಯ ಕೆಳಗೆ ಅಚ್ಚಾದದ್ದು ಮಾತ್ರ ಕಂಪನಿಯ ಹೆಸರು. ಜೋಡಿಸಿದವರ ಹೆಸರನ್ನು ಯಾರು ಅಚ್ಚು ಹಾಕುತ್ತಾರೆ?

ದಾವಣಗೆರೆಯ ವಕೀಲರೊಬ್ಬರ ಮೇಜಿನ ಮೇಲೆ ಒಂಬತ್ತು ವರ್ಷ ದುಡಿದೆ. ಎಲ್ಲರ ಕಂಪ್ಯೂಟರಿನಲ್ಲೂ ಇರುವ ಆಪರೇಟಿಂಗ್ ಸಿಸ್ಟಮ್ಮೇ ನನ್ನಲ್ಲೂ ಇತ್ತು. ಅದರ ಹೊಸ ಆವೃತ್ತಿ ನನಗೆ ಒಗ್ಗದು, ಬೇರೆ ಯಂತ್ರ ಕೊಳ್ಳಿ ಎಂದು ಒಂದು ದಿನ ಅದನ್ನು ಮಾರುವವರಿಂದ ಅಪ್ಪಣೆ ಬಂತು. ಗಟ್ಟಿಮುಟ್ಟಾಗಿದ್ದ ನನಗೆ ಮುಪ್ಪು ಬಂತೆಂದು ತೀರ್ಮಾನಿಸಲು ಅವರು ಯಾರು? ವಕೀಲರು ನನ್ನನ್ನು ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿಯುವ ಹೆಂಗಸರ ಸಂಘಕ್ಕೆ ಕೊಟ್ಟರು.

ಸಂಘದಲ್ಲಿ ಭಾನುವಾರ ಓದು. ಒಬ್ಬರು ಗಟ್ಟಿಯಾಗಿ ಓದುವರು, ಅರ್ಥವಾಗದವರು ಪುಟದ ಮೇಲೆ ಅಂಗೈ ಇಡುವರು. ಕೈ ಬಿತ್ತೋ, ಓದು ನಿಲ್ಲಬೇಕು.

ಅವರಿಗೊಂದು ಮನವಿ ಬರೆಯಬೇಕಿತ್ತು. ಭಟ್ಟಿಗೆ ಹಳೇ ಟೈರು ಸುಡುತ್ತಿದ್ದರು, ಆ ಹೊಗೆಗೆ ಮಕ್ಕಳು ಕೆಮ್ಮುತ್ತಿದ್ದವು. ಹಿಂದಿನ ಎರಡು ಮನವಿಗಳಲ್ಲೂ ಟೈಪಿಂಗ್ ಅಂಗಡಿಯವನು ‘ಒತ್ತಾಯಿಸುತ್ತೇವೆ’ ಎಂಬುದನ್ನು ‘ಬೇಡಿಕೊಳ್ಳುತ್ತೇವೆ’ ಎಂದು ತಿದ್ದಿದ್ದ. ಎರಡಕ್ಕೂ ಉತ್ತರವಿಲ್ಲ. ಮಂಗಳವಾರ ಭಟ್ಟಿಗಳ ತಪಾಸಣೆಗೆ ಅಧಿಕಾರಿ ಬರುವವರಿದ್ದರು.

ಗ್ರಂಥಾಲಯದ ಸುಶೀಲಾ ಮೇಡಂ ಮೂರು ಪೆನ್‌ಡ್ರೈವ್ ತಂದರು. ಮೂರರಲ್ಲಿ ಮೂರು ಬಗೆಯ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್, ಹಳೇ ಯಂತ್ರಕ್ಕೂ ಒಗ್ಗುವಂಥವು, ಎಲ್ಲವೂ ಪುಕ್ಕಟೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಹಿಡಿಸಿದ್ದನ್ನು ಇಟ್ಟುಕೊಳ್ಳಿ ಎಂದರು. ಸಂಘದ ನೂರಾನಿಬಿ ಓದಿನ ನಿಯಮವನ್ನೇ ಹೂಡಿದಳು. ಯಂತ್ರಕ್ಕೆ ಎಲ್ಲರಿಗಿಂತ ಹೆಚ್ಚು ಹೆದರುವ ದುರುಗವ್ವ ನನ್ನ ಮುಂದೆ ಕೂರಬೇಕು. ಅವಳ ಕೈ ಪರದೆಗೆ ಬಿದ್ದರೆ ಆ ಪೆನ್‌ಡ್ರೈವ್ ಕಿತ್ತಿಡಬೇಕು.

ಮೊದಲನೆಯದು ಬರೀ ಕಪ್ಪು, ಮಿನುಗುವ ಒಂದು ಗೆರೆ. ಕೈ ಬಿತ್ತು. ಎರಡನೆಯದರಲ್ಲಿ ನೀಲಿ ಬೆಟ್ಟ, ಮೋಡ.

“ಚಂದ ಐತೆ, ಆದ್ರೆ ಬಾಗ್ಲೇ ಕಾಣವಲ್ದು,” ಎಂದು ಮತ್ತೆ ಕೈ ಇಟ್ಟಳು.

ಮೂರನೆಯದರ ಮೂಲೆಯಲ್ಲಿ ಒಂದೇ ಗುಂಡಿ. ಒತ್ತಿದರೆ ಕನ್ನಡದಲ್ಲಿ ಪಟ್ಟಿ ಬಿಚ್ಚಿಕೊಂಡಿತು. ಅವಳ ಕೈ ಎದ್ದಿತು, ಪರದೆಯ ಹತ್ತಿರ ಬಂತು, ಅಲ್ಲೇ ನಿಂತಿತು.

“ಏನವ್ವ, ಕೈ ಜೋಮು ಹಿಡೀತಾ?” ನೂರಾನಿಬಿ ಕೆಣಕಿದಳು.

“ಸುಮ್ನಿರೇ. ಓದಾಕತ್ತೀನಿ.”

ಕೈ ಇಳಿದು ಮೌಸ್ ಹಿಡಿಯಿತು. ಮೇಡಂ ಆ ಮೂರನೆಯದನ್ನೇ ನನ್ನೊಳಗೆ ನೆಲೆಗೊಳಿಸಿದರು. ಮೈ ಹಗುರಾಯಿತು! ದುರುಗವ್ವ ಅಕ್ಷರ ಹುಡುಕಿ ಹುಡುಕಿ ಮನವಿಯಲ್ಲಿ ‘ಒತ್ತಾಯಿಸುತ್ತೇವೆ’ ಎಂದು ಒತ್ತಿದಳು. ನಾನು ಏನನ್ನೂ ತಿದ್ದಲಿಲ್ಲ.

ಮಂಗಳವಾರ ಅಧಿಕಾರಿ ಆ ಪದದ ಮೇಲೆ ಬೆರಳಿಟ್ಟು, ಇದನ್ನು ಬರೆದವರಾರೆಂದು ಕೇಳಿದರಂತೆ. ದುರುಗವ್ವ ಎದ್ದು ನಿಂತಳಂತೆ. ತಿಂಗಳೊಳಗೆ ಟೈರು ಸುಡುವುದು ನಿಂತಿತು. ಅಂದು ಸಂಘದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ನನ್ನ ಕೀಲಿಮಣೆಗೂ ನಾಲ್ಕು ಕಾಳು ಸಿಕ್ಕವು.

ಈಗ ನನಗೆ ನಿಜವಾಗಿ ಮುಪ್ಪು. ಮೂಲೆಯಲ್ಲಿದ್ದೇನೆ. ಹೊಸಬರು ಕಲಿಯುವುದು ಮಾತ್ರ ನನ್ನ ಮೇಲೆಯೇ. ತಿಳಿಯದಿದ್ದರೆ ಕೈ ಇಡುತ್ತಾರೆ, ದುರುಗವ್ವ ನಿಲ್ಲಿಸಿ ಹೇಳಿಕೊಡುತ್ತಾಳೆ. ನನ್ನ ಮುಖದ ತುಂಬ ದುಡಿಯುವವರ ಅಂಗೈ ಗುರುತು. ಅವುಗಳ ಕೆಳಗೆ ಕಂಪನಿಯ ಹೆಸರು ಯಾವಾಗಲೋ ಸವೆದುಹೋಗಿದೆ.