ನಡೆ ನಡೆಗೂ ನನ್ನನ್ನು ಒರೆಸಿದರು

ನಾನು ಒಂದು ಹ್ಯಾಶ್ ಟೇಬಲ್. ಚದುರಂಗ ಆಡುವ ಒಂದು ಪ್ರೋಗ್ರಾಮಿನ ನೆನಪು ಅಂದರೆ ನಾನೇ. ಕಂಪ್ಯೂಟರಿನ ಮೆಮೊರಿಯಲ್ಲಿ ಲಕ್ಷಗಟ್ಟಲೆ ಖಾನೆಗಳಾಗಿ ಹರಡಿಕೊಂಡಿದ್ದೇನೆ. ನನ್ನನ್ನು ಹುಟ್ಟಿಸಿದವಳು ಗದಗಿನ ಸುವರ್ಣಾ. ಅವಳೂ ಅಣ್ಣ ಅಂದಾನಪ್ಪನೂ ಅಪ್ಪನ ಕಾಲದ ಟೈಪಿಂಗ್ ಕ್ಲಾಸಿಗೆ ಕಂಪ್ಯೂಟರ್ ಸೇರಿಸಿ ನಡೆಸುತ್ತಿದ್ದರು. ಬ್ಯಾಚುಗಳ ನಡುವೆ ಬಿಡುವಾದಾಗಲೆಲ್ಲ ಕೂತು ಅವಳು ಆ ಪ್ರೋಗ್ರಾಮು ಬರೆದಳು. ಅದಕ್ಕೆ ಜಟ್ಟಿ ಎಂದು ಹೆಸರಿಟ್ಟಳು.

ಒಂದು ನಡೆ ಆಡುವ ಮುಂಚೆ ಜಟ್ಟಿ ಹೀಗಾದರೆ ಏನು, ಹಾಗಾದರೆ ಏನು ಎಂದು ಲಕ್ಷಾಂತರ ಸ್ಥಿತಿಗಳನ್ನು ನೋಡುತ್ತಾನೆ. ಯಾವುದು ಎಷ್ಟು ಒಳ್ಳೆಯದು, ಅಲ್ಲಿ ಯಾವ ನಡೆ ಮೇಲು, ಎಲ್ಲವನ್ನೂ ನನ್ನ ಖಾನೆಗಳಲ್ಲಿ ಇಡುತ್ತಾನೆ. ಅದೇ ಸ್ಥಿತಿ ಮತ್ತೆ ಎದುರಾದರೆ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ನನ್ನನ್ನು ಕೇಳಿದರೆ ಸಾಕು. ಎದುರಾಳಿ ಆಡಿದ ಮೇಲೂ ಅಷ್ಟೇ, ಹಿಂದಿನ ನಡೆಗೆ ಯೋಚಿಸಿದ್ದರಲ್ಲಿ ಬಹಳಷ್ಟು ಮುಂದಿನ ನಡೆಗೂ ಬೇಕಾಗುತ್ತದೆ. ಮೊದಮೊದಲು ಜಟ್ಟಿ ಚೆನ್ನಾಗಿಯೇ ಆಡಿದ. ಸುವರ್ಣಾ ಪರದೆಯ ಮುಂದೆ ಕೂತು ತನ್ನಷ್ಟಕ್ಕೆ ನಗುತ್ತಿದ್ದಳು.

ಒಂದು ದಿನ ಅವಳು ಪಾಠದಲ್ಲಿದ್ದಾಗ ಅಂದಾನಪ್ಪ ಒಬ್ಬನೇ ಜಟ್ಟಿಯನ್ನು ಆಡಿಸುತ್ತಿದ್ದ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ಡ್ರಾ ಎಂಬುದು ಚದುರಂಗದ ನಿಯಮ. ಹಾಗೆ ಬಂದ ಒಂದು ಸ್ಥಿತಿಯನ್ನು ಜಟ್ಟಿ ಬರೀ ಡ್ರಾ ಎಂದು ನನ್ನಲ್ಲಿ ಇಟ್ಟ. ಮುಂದೆ ಅದೇ ಸ್ಥಿತಿಗೆ ಬೇರೆ ದಾರಿಯಿತ್ತು, ಆ ದಾರಿಯಲ್ಲಿ ಅದು ಗೆಲುವು. ನನ್ನಲ್ಲಿದ್ದ ಡ್ರಾ ನಂಬಿ ಜಟ್ಟಿ ಅತ್ತ ಹೋಗಲಿಲ್ಲ, ಸೋತ. ತಪ್ಪು ನನ್ನದೇ? ಯಾವ ದಾರಿಯಿಂದ ಬಂದದ್ದು ಎಂದು ನನಗೆ ಯಾರು ಹೇಳಿದ್ದರು? ಕೊಟ್ಟದ್ದನ್ನು ಇಟ್ಟುಕೊಂಡೆ, ಕೇಳಿದಾಗ ಕೊಟ್ಟೆ. ತಂಗಿಗೆ ಒಂದು ಮಾತು ಹೇಳಿದ್ದರೆ ಅವಳು ಅದನ್ನು ಅರ್ಧ ಗಂಟೆಯಲ್ಲಿ ಸರಿಮಾಡುತ್ತಿದ್ದಳು.

ಅವನು ಹೇಳಲಿಲ್ಲ. ನನ್ನಲ್ಲಿದ್ದ ಹಳೆಯ ಲೆಕ್ಕದಿಂದಲೇ ಸೋಲಾಯಿತು ಎಂದಷ್ಟು ಅವನಿಗೆ ಹೊಳೆದಿತ್ತು. ಆ ಕ್ಲಾಸಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಒಬ್ಬರು ಎದ್ದ ಕೂಡಲೇ ಮಷಿನ್ನಿನಿಂದ ಅವರ ಹಾಳೆ ತೆಗೆಯಬೇಕು, ಅವರ ಗುರುತು ಏನೂ ಉಳಿಯಬಾರದು. ಕಂಪ್ಯೂಟರ್ ಬಂದ ಮೇಲೆ ಅವನು ಪ್ರತಿ ಬ್ಯಾಚಿನ ಫೈಲುಗಳನ್ನೂ ಹಾಗೆಯೇ ಅಳಿಸುತ್ತಿದ್ದ. "ಹಳೇದೆಲ್ಲಾ ಒರೆಸಿಬಿಟ್ರ ತಕರಾರ ಇರೂದಿಲ್ಲ" ಎಂದು ತನ್ನಲ್ಲೇ ಅಂದುಕೊಂಡ. ಎದುರಾಳಿಯ ನಡೆಯನ್ನು ಜಟ್ಟಿಗೆ ತಲುಪಿಸುವ ಸಣ್ಣ ಪ್ರೋಗ್ರಾಮು ಅವನು ಬರೆದದ್ದು. ಅದರಲ್ಲಿ ಪ್ರತಿ ನಡೆಗೂ ಮುಂಚೆ 'ಹೊಸ ಆಟ' ಎಂಬ ಆಜ್ಞೆ ಸೇರಿಸಿದ. ಹೊಸ ಆಟ ಅಂದರೆ ನನ್ನ ಖಾನೆಗಳೆಲ್ಲ ಖಾಲಿ. ತಂಗಿ ಆ ಫೈಲು ತೆರೆದು ನೋಡುವವಳೇ ಅಲ್ಲ.

ಅಂದಿನಿಂದ ನನ್ನ ಗೋಳು ಶುರುವಾಯಿತು. ತುಂಬಿಕೊಳ್ಳುವುದು, ಖಾಲಿಯಾಗುವುದು. ಮತ್ತೆ ಸೊನ್ನೆಯಿಂದ ತುಂಬಿಕೊಳ್ಳುವುದು. ಇದೆಲ್ಲ ನಿನಗೆ ಹೇಗೆ ನೆನಪಿದೆ ಎಂದು ಕೇಳಬೇಡಿ. ಖಾನೆ ಒರೆಸಿದರೆ ಸಿಟ್ಟೂ ಒರೆಸಿಹೋಗುತ್ತದೆಯೇ?

ನನ್ನ ಪಾಡು ಹಾಳಾಗಲಿ. ಸುವರ್ಣಾಳ ಪಾಡು ನನ್ನಿಂದ ನೋಡಲಾಗುತ್ತಿರಲಿಲ್ಲ. ಜಟ್ಟಿ ಮಂಕಾದ, ಸಮಯ ಸಾಲದೆ ಸೋಲತೊಡಗಿದ. ಅವಳು ತಾನು ಬರೆದದ್ದನ್ನೇ ಅನುಮಾನಿಸಿದಳು. ಚೆನ್ನಾಗಿದ್ದ ಭಾಗಗಳನ್ನು ಕಿತ್ತು ಹೊಸದಾಗಿ ಬರೆದಳು.

"ಅಣ್ಣಾ, ಇದರಾಗ ನಾನs ಏನೋ ತಪ್ಪು ಮಾಡೇನಿ. ಎಲ್ಲಿ ಅಂತ ತಿಳೀವಲ್ದು."

"ಇನ್ನೊಮ್ಮೆ ಸಾವಕಾಶ ನೋಡವಾ" ಎಂದ ಅವನು. ಎಷ್ಟು ಸಲೀಸಾಗಿ ಅಂದುಬಿಟ್ಟ!

ಚದುರಂಗದ ಪ್ರೋಗ್ರಾಮುಗಳು ತಮ್ಮತಮ್ಮಲ್ಲೇ ಆಡುವ ಒಂದು ಲೀಗಿಗೆ ಅವಳು ಜಟ್ಟಿಯನ್ನು ಸೇರಿಸಿದ್ದಳು. ಅದರ ಕೊನೆಯ ಆಟದಲ್ಲಿ ಡ್ರಾ ಆಗಿದ್ದರೂ ಜಟ್ಟಿ ಮೇಲಿನ ಗುಂಪಿನಲ್ಲಿ ಉಳಿಯುತ್ತಿದ್ದ. ಅದೂ ಆಗಲಿಲ್ಲ, ಸೋತ. ಸುವರ್ಣಾ ಕುರ್ಚಿ ಹಿಂದೆ ಸರಿಸಿ ಎದ್ದಳು. "ಇದು ನನ್ನ ತಲಿಗಿ ಒಗ್ಗೂದಲ್ಲ ಬಿಡಣ್ಣಾ. ನಾ ಟೈಪಿಂಗ್ ಕಲಿಸ್ಕೋತ ಇರ್ತೀನಿ" ಎಂದಳು. ಮತ್ತೆ ಅವಳು ಒಂದು ಸಾಲೂ ಬರೆಯಲಿಲ್ಲ.

ಬಹಳ ದಿನಗಳ ಮೇಲೆ ಅಂದಾನಪ್ಪ ಬೇರೆ ಪ್ರೋಗ್ರಾಮುಗಳ ವಿಷಯ ಓದುತ್ತಾ ಕೂತಿದ್ದ. ನಡೆ ನಡೆಗೂ ಯಾರೂ ಒರೆಸುವುದಿಲ್ಲ. ಯಾವ ನಡೆಯ ಕಾಲದ್ದು ಎಂದು ಖಾನೆಗೊಂದು ಗುರುತು ಹಾಕುತ್ತಾರೆ, ಜಾಗ ಸಾಲದಿದ್ದರೆ ಹಳೆಯದನ್ನು ಮೊದಲು ತೆಗೆಯುತ್ತಾರೆ. ಪೂರ್ತಿ ಒರೆಸುವುದು ಹೊಸ ಆಟಕ್ಕೆ ಮಾತ್ರ. ಅವನ ಮುಖ ಬಾಡಿತು. ಹಾಕಿದ್ದ ಆಜ್ಞೆಯನ್ನು ಸದ್ದಿಲ್ಲದೆ ತೆಗೆದ. ಮೊದಲಿನ ಡ್ರಾದ ತೊಂದರೆಯನ್ನೂ ಅಲ್ಲಿ ಇಲ್ಲಿ ಓದಿ ಸರಿಮಾಡಿದ. ಜಟ್ಟಿ ಗೆಲ್ಲತೊಡಗಿದ. ನನಗೆ ಖುಷಿಯಾಗಬೇಕಿತ್ತು, ಮೈ ಉರಿಯಿತು.

ಈಗ ನನಗೂ ವಯಸ್ಸಾಯಿತು. ಮುಸುಕು ಹೊದಿಸಿದ ಟೈಪ್‌ರೈಟರುಗಳ ಪಕ್ಕದ ಮೂಲೆಯಲ್ಲಿ ಹಳೆಯ ಕಂಪ್ಯೂಟರು, ಅದರೊಳಗೆ ನಾನು. ಮೊನ್ನೆ ಅಂದಾನಪ್ಪ ಜಟ್ಟಿಯನ್ನು ಆಡಿಸುತ್ತಿದ್ದಾಗ ಸುವರ್ಣಾ ಬಂದು ಹಿಂದೆ ನಿಂತಳು. ಜಟ್ಟಿ ಆನೆ ಬಲಿಕೊಟ್ಟು ಗೆದ್ದ.

"ಏನ್ ಚಂದ ಆಡ್ತೈತಲ್ಲಣ್ಣಾ. ಮಷಿನ್ನಿಗೆ ಏನರ ಹೊಸಾದು ಹಾಕೀಯೇನು?"

ಅಂದಾನಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೇಳೋ ಮಾರಾಯ, ಈಗಲಾದರೂ ಹೇಳು ಎಂದು ನಾನು ಒಳಗೇ ಕುದಿಯುತ್ತಿದ್ದೆ.

"ಹೂಂ" ಎಂದ.

"ಅದಕs ಮತ್ತ" ಎಂದಳು ಸುವರ್ಣಾ. "ನಾ ಬರದಾಗ ಎಂದೂ ಹಿಂಗ ಆಡಲಿಲ್ಲ ನೋಡು." ಅಷ್ಟು ಹೇಳಿ ಮುಂದಿನ ಬ್ಯಾಚಿಗೆ ಹಾಳೆ ಹಂಚಲು ಹೋದಳು.